ಅಮ್ಮ, ನೀನ್ಯಾಕೆ ಅಳ್ತಿದ್ದೀಯ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಜುಲೈನಲ್ಲಿ ಮಳೆ ರಜೆ ಕೊಟ್ಟ ದಿನ ಮಕ್ಕಳ ಜೊತೆ 'ಅಪ್' ಅನ್ನೋ ಕಾರ್ಟೂನ್ ಸಿನಿಮಾ ನೋಡಲು ಕೂತೆ. ಶುರುವಾಗಿ ಕಾಲು ಗಂಟೆಯೂ ಆಗಿರಲಿಲ್ಲ, ನನಗೆ ಅಳು ತಡೆಯಲಾಗಲಿಲ್ಲ. ಮಗಳು "ಅಮ್ಮ, ಇದು ಮಕ್ಕಳ ಸಿನಿಮಾ ಅಲ್ವಾ, ನೀನ್ಯಾಕೆ ಅಳ್ತಿದ್ದೀಯ?" ಅಂತ ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ. ನಮ್ಮ ಅತ್ತೆಯವರು "ಮಕ್ಕಳಿಗೆ ಅಳಿಸೋ ಸಿನಿಮಾ ಯಾಕೆ ತೋರಿಸ್ತೀಯ, ರಾತ್ರಿ ಕನವರಿಸ್ತಾವೆ" ಅಂದರು. ಅವರು ಹೇಳಿದ್ದು ಸರಿಯೇ? ಮಕ್ಕಳೂ ನೋಡಬಹುದಾದ, ನಮಗೂ ಮನಸ್ಸು ತುಂಬುವ ಸಿನಿಮಾಗಳು ಯಾವುವು?

ಉತ್ತರ: ಮೊದಲು ನಿಮ್ಮ ಮಗಳ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರ ಸಿಕ್ಕರೆ ಉಳಿದೆರಡಕ್ಕೂ ದಾರಿ ತಾನಾಗಿ ಕಾಣುತ್ತದೆ.

2009ರ ಆ ಸಿನಿಮಾದ ಶುರುವಿನಲ್ಲಿ ಒಂದು ಗಾಜಿನ ಭರಣಿ ಬರುತ್ತದೆ, ನೆನಪು ಮಾಡಿಕೊಳ್ಳಿ. ದೂರದ ಜಲಪಾತವೊಂದನ್ನು ನೋಡಲು ಹೋಗಬೇಕೆಂದು ಗಂಡ ಹೆಂಡತಿ ಅದಕ್ಕೆ ಚಿಲ್ಲರೆ ಹಾಕುತ್ತ ಬರುತ್ತಾರೆ. ಕಾರಿನ ಟೈರು ಹೋಗುತ್ತದೆ, ಭರಣಿ ಒಡೆಯುತ್ತಾರೆ. ಗಂಡನ ಕಾಲು ಮುರಿಯುತ್ತದೆ, ಮತ್ತೆ ಒಡೆಯುತ್ತಾರೆ. ಮನೆಯ ಮೇಲೆ ಮರ ಬೀಳುತ್ತದೆ, ಮತ್ತೆ. ಅಷ್ಟರಲ್ಲಿ ತಲೆಗೂದಲು ಬೆಳ್ಳಗಾಗಿರುತ್ತದೆ. ಈ ನಾಲ್ಕೈದು ನಿಮಿಷದಲ್ಲಿ ಮಾತೇ ಇಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಹೆಂಡತಿ ತಲೆ ತಗ್ಗಿಸಿ ಕೂತಿರುವುದು ಕಾಣುತ್ತದೆ, ಅಷ್ಟೇ. ಅವರಿಗೆ ಮಕ್ಕಳಾಗುವುದಿಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ನಿಮ್ಮ ಮಗಳು ನೋಡಿದ್ದು ಒಡೆದ ಭರಣಿ. ನೀವು ನೋಡಿದ್ದು ಆ ಭರಣಿಯ ಜೊತೆ ಖರ್ಚಾಗಿ ಹೋದ ವರ್ಷಗಳು. ಮರ ಬಿದ್ದು ಹೆಂಚು ಒಡೆಯುವುದು, ಕೂಡಿಟ್ಟ ದುಡ್ಡು ಅದಕ್ಕೇ ಹೋಗುವುದು ನಮ್ಮ ಕಡೆ ಪ್ರತಿ ಮಳೆಗಾಲದ ಕತೆ. ಜೋಗದಿಂದ ಐವತ್ತು ಕಿಲೋಮೀಟರ್ ದೂರದಲ್ಲಿ ಹುಟ್ಟಿ ಬೆಳೆದು, "ಮುಂದಿನ ವರ್ಷ ಅಡಿಕೆ ದುಡ್ಡು ಬರ್ಲಿ, ಹೋಗಿ ಬರೋಣ" ಎನ್ನುತ್ತಲೇ ಜೋಗ ನೋಡದೆ ಕಣ್ಣು ಮುಚ್ಚಿದ ಹೆಂಗಸರನ್ನು ನಾನು ಬಲ್ಲೆ. ನಿಮಗೆ ಅಳು ಬಂದಿದ್ದು ಸಹಜ. ಮಗಳಿಗೂ ಅದನ್ನೇ ಹೇಳಿ: "ಅವರಿಬ್ರಿಗೂ ಹೋಗ್ಬೇಕು ಅಂದ್ಕೊಂಡಿದ್ದ ಜಾಗಕ್ಕೆ ಹೋಗೋಕೆ ಆಗ್ಲೇ ಇಲ್ಲ ಪುಟ್ಟಿ, ಅದಕ್ಕೆ ಬೇಜಾರಾಯ್ತು." ಎಂಟು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. "ಏನಿಲ್ಲ, ಕಣ್ಣಿಗೆ ಕಸ ಬಿತ್ತು" ಎಂದು ಮಾತ್ರ ಹೇಳಬೇಡಿ. ಕಸ ಯಾವುದು, ಅಳು ಯಾವುದು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು 'ಮಕ್ಕಳ ಸಿನಿಮಾ' ಎಂಬ ಮಾತು. ನಮ್ಮ ಕಡೆ ಮೊದಲು ಹೀಗೊಂದು ಬೇರೆ ಪಂಕ್ತಿ ಇರಲಿಲ್ಲ. ಬಯಲಾಟಕ್ಕೆ ಹೋದರೆ ಮಕ್ಕಳು ಮುಂದೆ ಚಾಪೆಯ ಮೇಲೆ, ದೊಡ್ಡವರು ಹಿಂದೆ. ಚಂದ್ರಹಾಸನ ಪ್ರಸಂಗವೆಂದರೆ ಕಾಡಿನಲ್ಲಿ ಕಟುಕರ ಕೈಗೆ ಸಿಕ್ಕ ಹುಡುಗ ಉಳಿಯುತ್ತಾನೋ ಇಲ್ಲವೋ ಎಂದು ಚಾಪೆಯ ಮೇಲಿದ್ದ ನಮಗೆ ಉಸಿರು ಬಿಗಿ. ಹಿಂದೆ ಕೂತ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳು ಅಳುತ್ತಿದ್ದುದು ತಾಯಿ ತಂದೆ ಇಲ್ಲದ ಕೂಸು ಊರೂರು ಅಲೆಯುವುದಕ್ಕೆ. ಆಟ ಒಂದೇ, ಕಣ್ಣಿನ ಎತ್ತರ ಎರಡು. ಗೋವಿನ ಹಾಡೂ ಹಾಗೆಯೇ. ಹುಲಿ ಬಂತು, ಹಸು ಮಾತು ಕೊಟ್ಟಿತು ಎಂದು ಮಗು ಹಾಡಿಕೊಂಡು ಹೋಗುತ್ತದೆ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಜಾಗ ಬಂದಾಗ ಹಾಡಿಸುತ್ತಿರುವ ತಾಯಿಯ ಗಂಟಲು ಕಟ್ಟುತ್ತದೆ.

ಒಳ್ಳೆಯ ಮಕ್ಕಳ ಸಿನಿಮಾಗಳನ್ನೂ ಹೀಗೆ ಚಾಪೆಯ ಮೇಲಿನಿಂದ, ಹಿಂದಿನ ಸಾಲಿನಿಂದ ಎರಡೂ ಕಡೆ ಕೂತು ನೋಡಬಹುದು. ಸಾಗರ ತಾಲ್ಲೂಕಿನ ಶಾಲೆಗಳಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಸಿನಿಮಾ ತೋರಿಸುತ್ತ ಬಂದ ನನಗೆ ಮನವರಿಕೆಯಾದ ಸಂಗತಿ ಒಂದೇ. ಮಗುವಿನ ಚಿಕ್ಕ ಸಂಕಟವನ್ನು ಸಿನಿಮಾ ಚಿಕ್ಕದೆಂದು ಎಣಿಸದೆ ಅದರ ಪೂರ್ತಿ ಭಾರದೊಂದಿಗೆ ಹಿಡಿದರೆ, ದೊಡ್ಡವರಿಗೆಂದು ಬೇರೆ ಏನನ್ನೂ ಸೇರಿಸಬೇಕಾಗಿಲ್ಲ. ಒಂದು ಕಂಬಳಿ, ಒಂದು ಜೊತೆ ಶೂ, ಒಂದು ನೋಟ್‌ಬುಕ್ ಸಾಕು.

ಕಂಬಳಿ ಎಂದೆನಲ್ಲ, ನಮ್ಮದೇ ಸಿನಿಮಾದಿಂದ ಶುರು ಮಾಡುತ್ತೇನೆ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 'ಬೆಟ್ಟದ ಹೂವು', 1985ರದು. ಪುನೀತ್ ರಾಜ್‌ಕುಮಾರ್ ಅವರಿಗೆ ಹತ್ತು ವರ್ಷವಿದ್ದಾಗ ಬಂದದ್ದು, ಅವರಿಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ತಂದದ್ದು. ಕತೆ ಎಲ್ಲರಿಗೂ ಗೊತ್ತು: ಬಡ ಮನೆಯ ಹುಡುಗ ರಾಮು, ಓದುವ ಆಸೆ, ಕಾಡಿನಿಂದ ಹೂವು ತಂದುಕೊಟ್ಟು ಪುಡಿಗಾಸು ಸಂಪಾದನೆ. ಆ ಹೂವು ನಮ್ಮವರು ಸೀತಾಳೆ ಎನ್ನುವ ಜಾತಿಯದು. ಮಳೆಗಾಲದ ಶುರುವಿಗೆ ಮರದ ಕೊಂಬೆಯಿಂದ ದಂಡೆ ದಂಡೆಯಾಗಿ ಇಳಿಬೀಳುತ್ತದಲ್ಲ, ಅದರ ಬಳಗ. ಆ ದುಡ್ಡಿನಿಂದ ರಾಮು ಕೊಳ್ಳಬೇಕೆಂದಿರುವುದು ಮಿಠಾಯಿಯಲ್ಲ, ಆಟಿಕೆಯಲ್ಲ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'. ನಿಮ್ಮ ತೀರ್ಥಹಳ್ಳಿಯ ಕುಪ್ಪಳಿಯ ಕವಿ ಬರೆದ ಪುಸ್ತಕ ಬೆಟ್ಟದ ಹುಡುಗನೊಬ್ಬನ ಕನಸಾಗಿ ಅಂಗಡಿಯಲ್ಲಿ ಕಾದು ಕೂತಿರುತ್ತದೆ. ಕೊನೆಗೆ ಪುಸ್ತಕಕ್ಕೆ ಕೂಡಿಟ್ಟ ದುಡ್ಡು ಮನೆಯವರ ಚಳಿಗೆ ಕಂಬಳಿಯಾಗುತ್ತದೆ.

ಇಲ್ಲಿ ನಿರ್ದೇಶಕರು ಮಾಡದೆ ಬಿಟ್ಟದ್ದನ್ನು ನೋಡಿ. ರಾಮು ತ್ಯಾಗಮೂರ್ತಿಯಂತೆ ಭಾಷಣ ಮಾಡುವುದಿಲ್ಲ. ಯಾರೋ ಸಿರಿವಂತರು ಬಂದು ಪುಸ್ತಕವನ್ನೂ ಕೊಡಿಸಿ ಕಂಬಳಿಯನ್ನೂ ಕೊಡಿಸಿ ಎಲ್ಲವನ್ನೂ ಸರಿಮಾಡುವುದಿಲ್ಲ. ಆಸೆಯೂ ನಿಜ, ಚಳಿಯೂ ನಿಜ, ಕೈಯಲ್ಲಿರುವ ದುಡ್ಡು ಒಂದಕ್ಕೆ ಮಾತ್ರ ಸಾಲುತ್ತದೆ. ಎಂಟು ವರ್ಷದ ಮಗು "ಅಯ್ಯೋ, ಪುಸ್ತಕ ಸಿಗ್ಲಿಲ್ವಲ್ಲ" ಎಂದು ನೊಂದುಕೊಳ್ಳುತ್ತದೆ. ನಾವಾದರೋ ಹಿರಿಮಗನಾಗಿಯೋ ಹಿರಿಮಗಳಾಗಿಯೋ ಯಾವತ್ತೋ ಬಿಟ್ಟುಕೊಟ್ಟ ಒಂದು ಕಾಲೇಜು ಸೀಟು, ಒಂದು ಊರು, ಒಂದು ಸಂಗೀತದ ಪಾಠವನ್ನು ನೆನೆಯುತ್ತೇವೆ.

2021ರ ಅಕ್ಟೋಬರ್ 29ರ ನಂತರ ಆ ಸಿನಿಮಾಕ್ಕೆ ಇನ್ನೊಂದು ಪದರ ಕೂಡಿಕೊಂಡಿದೆ. ನಿಮ್ಮ ಮಕ್ಕಳ ಕಣ್ಣಿಗೆ ಅವನು ರಾಮು, ತಮ್ಮಂಥದೇ ಒಬ್ಬ ಹುಡುಗ. ನಿಮಗೂ ನಿಮ್ಮ ಯಜಮಾನರಿಗೂ ಅವನು ಅಪ್ಪು. ಹಲ್ಲು ಬಿಟ್ಟು ನಗುತ್ತ ಬೆಟ್ಟ ಹತ್ತುವ ಆ ಹುಡುಗನಿಗೆ ನಲವತ್ತಾರಕ್ಕೇ ಆಯುಷ್ಯ ಮುಗಿಯುತ್ತದೆಂದು ಗೊತ್ತಿದ್ದೂ ನೋಡುವುದು ಸುಲಭವಲ್ಲ. ನೋಡಿ. ಮಕ್ಕಳು ಕೇಳಿದರೆ ಅವರು ಈಗಿಲ್ಲ ಎನ್ನುವುದನ್ನೂ ಹೇಳಿ.

ಎರಡನೆಯದು ಇರಾನಿನ ಮಜಿದ್ ಮಜಿದಿ ಅವರ 'ಚಿಲ್ಡ್ರನ್ ಆಫ್ ಹೆವನ್', 1997ರದು. ನನ್ನನ್ನು ಕೇಳಿದರೆ ಮನೆಮಂದಿಯೆಲ್ಲ ಕೂತು ನೋಡಲು ಇದಕ್ಕಿಂತ ಒಳ್ಳೆಯ ಸಿನಿಮಾ ಇಲ್ಲ. ಅಲಿ ಎಂಬ ಹುಡುಗ ತಂಗಿ ಜಹ್ರಾಳ ಶೂ ಹೊಲಿಸಿಕೊಂಡು ಬರುವಾಗ ತರಕಾರಿ ಅಂಗಡಿಯ ಮುಂದೆ ಕಳೆದುಕೊಳ್ಳುತ್ತಾನೆ. ಅಪ್ಪನ ಹತ್ತಿರ ಬೇರೆ ಕೊಡಿಸುವಷ್ಟು ದುಡ್ಡಿಲ್ಲ ಎಂದು ಮಕ್ಕಳಿಗೆ ಗೊತ್ತು. ಹೇಳುವುದೇ ಇಲ್ಲ. ತಂಗಿಗೆ ಬೆಳಿಗ್ಗೆ ಶಾಲೆ, ಅಣ್ಣನಿಗೆ ಮಧ್ಯಾಹ್ನ. ಅಣ್ಣನ ಶೂ ಹಾಕಿಕೊಂಡು ಹೋದ ತಂಗಿ ಶಾಲೆ ಬಿಟ್ಟೊಡನೆ ಓಡಿ ಬಂದು ಗಲ್ಲಿಯ ತಿರುವಿನಲ್ಲಿ ಬಿಚ್ಚಿ ಕೊಡಬೇಕು, ಅವನು ಹಾಕಿಕೊಂಡು ಓಡಬೇಕು. ಇಡೀ ಸಿನಿಮಾ ಆ ಒಂದು ಜೊತೆ ಶೂಗಳ ಓಟ.

ಇದನ್ನು ಒಂದು ಮಳೆಗಾಲದಲ್ಲಿ ಶಾಲೆಯೊಂದರ ಹಾಲ್‌ನಲ್ಲಿ ತೋರಿಸಿದ್ದೆ. ಕಿಟಕಿಗೆಲ್ಲ ಅಕ್ಕಿ ಚೀಲ ಕಟ್ಟಿ ಕತ್ತಲೆ ಮಾಡಿದ್ದೆವು. ಹೊರಗೆ ಜಡಿಮಳೆ, ತಗಡಿನ ಮಾಡಿನ ಸದ್ದಿಗೆ ಸಿನಿಮಾದ ಮಾತೇ ಕೇಳಿಸುತ್ತಿರಲಿಲ್ಲ. ಬಾಗಿಲ ಹೊರಗೆ ಸಾಲಾಗಿ ಮಕ್ಕಳ ಒದ್ದೆ ಪ್ಲಾಸ್ಟಿಕ್ ಚಪ್ಪಲಿಗಳು. ಶೂ ಒಂದು ಚರಂಡಿಗೆ ಬಿದ್ದು ನೀರಿನಲ್ಲಿ ತೇಲಿಕೊಂಡು ಹೋಗುವಾಗ ಮೂರನೇ ಕ್ಲಾಸಿನ ಮಕ್ಕಳು ಎದ್ದು ನಿಂತು "ಹಿಡಿ, ಹಿಡಿ" ಎಂದು ಕೂಗಿದವು. ಹಳ್ಳ ದಾಟುವಾಗ ಚಪ್ಪಲಿ ಕೊಚ್ಚಿ ಹೋದದ್ದು ಆ ಮಕ್ಕಳಲ್ಲಿ ಯಾರಿಗೆ ಗೊತ್ತಿಲ್ಲ! ಕೊನೆಯ ಓಟದ ಪಂದ್ಯದಲ್ಲಿ ಮೂರನೇ ಬಹುಮಾನ ಶೂ. ಅಲಿಗೆ ಬೇಕಾದದ್ದು ಮೂರನೇ ಸ್ಥಾನ, ಅವನು ಮೊದಲಿಗನಾಗಿಬಿಡುತ್ತಾನೆ. ಎಲ್ಲರೂ ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ, ಹುಡುಗನ ಕಣ್ಣಲ್ಲಿ ನೀರು. ಹಾಲ್ ಪೂರ್ತಿ ಸ್ತಬ್ಧವಾಯಿತು. ಗೆದ್ದದ್ದಕ್ಕೆ ಅಳುವ ಹುಡುಗನನ್ನು ಆ ಮಕ್ಕಳು ಅದುವರೆಗೆ ಕಂಡಿರಲಿಲ್ಲ.

ಆದರೆ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಬಿಸಿಯೂಟದ ಅಡುಗೆಯಕ್ಕ ಅತ್ತದ್ದು ಅಲ್ಲಿ ಅಲ್ಲ. ಅದಕ್ಕೂ ಮೊದಲು ಒಂದು ಜಾಗ ಬರುತ್ತದೆ. ಜಹ್ರಾ ತನ್ನ ಕಳೆದ ಶೂಗಳನ್ನು ಶಾಲೆಯ ಇನ್ನೊಬ್ಬ ಹುಡುಗಿಯ ಕಾಲಲ್ಲಿ ನೋಡುತ್ತಾಳೆ. ಅಣ್ಣ ತಂಗಿ ಇಬ್ಬರೂ ಅವಳ ಮನೆಯವರೆಗೆ ಹಿಂಬಾಲಿಸಿ ಹೋಗಿ ಮರೆಯಲ್ಲಿ ನಿಲ್ಲುತ್ತಾರೆ. ಶೂ ಕೇಳಿಯೇಬಿಡುವುದೆಂದು ಹೋದವರು. ಬಾಗಿಲು ತೆರೆದು ಆ ಹುಡುಗಿಯ ಅಪ್ಪ ಹೊರಗೆ ಬರುತ್ತಾನೆ, ಅವನಿಗೆ ಕಣ್ಣು ಕಾಣುವುದಿಲ್ಲ. ಮಗಳು ಕೈ ಹಿಡಿದು ನಡೆಸಿಕೊಂಡು ಹೋಗುತ್ತಾಳೆ. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ತಿರುಗಿ ನಡೆಯುತ್ತಾರೆ. ಒಂದು ಮಾತಿಲ್ಲ, ಪಿಟೀಲಿನ ಗೋಳಾಟವಿಲ್ಲ. ಸಿನಿಮಾ ಮುಗಿದ ಮೇಲೆ ಆಕೆ ಪಾತ್ರೆ ತೊಳೆಯುತ್ತ ಅಂದದ್ದು ಇಷ್ಟೇ: "ಅಷ್ಟು ಸಣ್ಣ ಹುಡುಗ್ರಿಗೆ ಹೆಂಗೆ ತಿಳೀತು ಸಾರ್, ಕೇಳ್ಬಾರ್ದು ಅಂತ?"

ಈ ಸಿನಿಮಾದ ಅಂತ್ಯವನ್ನು ಚಾಪೆಯ ಮೇಲಿನವರು ಒಂದು ರೀತಿ ನೋಡುತ್ತಾರೆ, ಹಿಂದಿನವರು ಇನ್ನೊಂದು ರೀತಿ. ಅಪ್ಪ ಸೈಕಲ್ಲಿಗೆ ಸಾಮಾನು ಕಟ್ಟಿಕೊಂಡು ಮನೆಗೆ ಬರುತ್ತಿರುವುದು ಒಂದು ಗಳಿಗೆ ಕಾಣುತ್ತದೆ, ಅದರಲ್ಲಿ ಹೊಸ ಶೂಗಳಿರುತ್ತವೆ. ಮಕ್ಕಳಿಗೆ ಅದು ಇನ್ನೂ ಗೊತ್ತಿಲ್ಲ. ಬೊಬ್ಬೆ ಎದ್ದ ಕಾಲುಗಳನ್ನು ಅಲಿ ಅಂಗಳದ ಕೊಳದಲ್ಲಿ ಇಳಿಬಿಟ್ಟು ಕೂರುತ್ತಾನೆ, ಕೆಂಪು ಮೀನುಗಳು ಬಂದು ಸುತ್ತುವರಿಯುತ್ತವೆ. ಅಲ್ಲಿಗೆ ಮುಗಿಯುತ್ತದೆ. ಸೈಕಲ್ಲಿನ ದೃಶ್ಯ ಬಂದಾಗ ಮಗ ಬೇರೆ ಕಡೆ ನೋಡುತ್ತಿದ್ದರೆ ಮೆಲ್ಲಗೆ ಭುಜ ತಟ್ಟಿ, ಅಷ್ಟು ಸಾಕು. ಬೇರೆಲ್ಲೂ ತಟ್ಟಬೇಕಾಗಿಲ್ಲ.

ಇರಾನಿನಲ್ಲೇ ಇಂಥವು ಇಷ್ಟು ಏಕೆ ಬಂದವು ಎಂಬುದಕ್ಕೆ ಒಂದು ಕಾರಣವಿದೆ. ಮಕ್ಕಳ ಮತ್ತು ಹರೆಯದವರ ಬೌದ್ಧಿಕ ಬೆಳವಣಿಗೆಗೆಂದು 1965ರಲ್ಲಿ ಅಲ್ಲೊಂದು ಸಂಸ್ಥೆ ಹುಟ್ಟಿತು, ಚಿಕ್ಕದಾಗಿ ಅದನ್ನು ಕಾನೂನ್ ಎನ್ನುತ್ತಾರೆ. ಮಕ್ಕಳ ಗ್ರಂಥಾಲಯ, ಪುಸ್ತಕ ಪ್ರಕಟಣೆ ಮಾಡುತ್ತಿದ್ದವರು ಸಿನಿಮಾ ವಿಭಾಗವನ್ನೂ ತೆರೆದರು. ಅದನ್ನು ಕಟ್ಟಿದವರಲ್ಲಿ ಒಬ್ಬರು ಅಬ್ಬಾಸ್ ಕಿಯಾರೊಸ್ತಮಿ. ಜಗತ್ತೇ ಗೌರವಿಸಿದ ಆ ನಿರ್ದೇಶಕರ ಮೊದಲ ಸಿನಿಮಾ 1970ರ ಹತ್ತು ನಿಮಿಷದ ಒಂದು ತುಣುಕು, 'ದಿ ಬ್ರೆಡ್ ಆ್ಯಂಡ್ ಆ್ಯಲಿ'. ಹುಡುಗ ರೊಟ್ಟಿ ಹಿಡಿದು ಮನೆಗೆ ಹೋಗುತ್ತಿದ್ದಾನೆ, ಗಲ್ಲಿಯಲ್ಲಿ ಒಂದು ನಾಯಿ ಅಡ್ಡ ನಿಂತಿದೆ, ದಾಟುವುದು ಹೇಗೆ? ಇಷ್ಟೇ. ನಿಮ್ಮ ಐದು ವರ್ಷದ ಮಗನಿಗೆ ಮೊದಲು ಇದನ್ನೇ ತೋರಿಸಿ. ತೋಟದ ದಾರಿಯಲ್ಲಿ ಪಕ್ಕದ ಮನೆ ನಾಯಿಗೆ ಹೆದರಿ ನಿಂತ ಮಗುವಿಗೆ ಆ ಹತ್ತು ನಿಮಿಷದ ಬೆಲೆ ಗೊತ್ತಾಗುತ್ತದೆ.

ಕಿಯಾರೊಸ್ತಮಿಯವರ 'ವೇರ್ ಈಸ್ ದಿ ಫ್ರೆಂಡ್ಸ್ ಹೋಮ್?' 1987ರದು. ಪಕ್ಕದಲ್ಲಿ ಕೂರುವ ಗೆಳೆಯನ ನೋಟ್‌ಬುಕ್ ತಪ್ಪಿ ಅಹ್ಮದನ ಚೀಲಕ್ಕೆ ಬಂದಿದೆ. ನಾಳೆ ನೋಟ್‌ಬುಕ್ಕಿನಲ್ಲಿ ಮನೆಗೆಲಸ ಬರೆದು ತರದಿದ್ದರೆ ಶಾಲೆಯಿಂದ ಹೊರಗೆ ಹಾಕುತ್ತೇನೆ ಎಂದು ಮೇಷ್ಟ್ರು ಗೆಳೆಯನಿಗೆ ಹೇಳಿದ್ದಾರೆ. ಗೆಳೆಯನ ಮನೆ ಗುಡ್ಡದಾಚೆಯ ಹಳ್ಳಿಯಲ್ಲಿ, ಎಲ್ಲಿ ಅಂತ ಗೊತ್ತಿಲ್ಲ. ಹೋಗಬೇಕು ಎಂದು ಅಹ್ಮದ್ ತಾಯಿಗೆ ಹೇಳುತ್ತಾನೆ. ತಾಯಿ ಬಟ್ಟೆ ಒಗೆಯುತ್ತ "ಮೊದಲು ಹೋಂವರ್ಕ್ ಮಾಡು" ಎನ್ನುತ್ತಾಳೆ. ಮತ್ತೆ ಹೇಳುತ್ತಾನೆ. ಕೂಸಿನ ಬಟ್ಟೆ ತಾ ಎನ್ನುತ್ತಾಳೆ. ಮತ್ತೆ ಮತ್ತೆ ಹೇಳುತ್ತಾನೆ. ಅವಳು ಕೆಟ್ಟವಳಲ್ಲ, ಕೈ ತುಂಬ ಕೆಲಸ, ಅವನ ಮಾತು ಅವಳ ಕಿವಿಯೊಳಗೆ ಇಳಿಯುವುದೇ ಇಲ್ಲ. ದಾರಿಯಲ್ಲಿ ಸಿಗುವ ಅಜ್ಜ ತನ್ನ ಹತ್ತಿರ ಸಿಗರೇಟು ಇದ್ದರೂ ಸಿಗರೇಟು ತಾ ಎಂದು ಅವನನ್ನು ಓಡಿಸುತ್ತಾನೆ, ಹುಡುಗರು ಹೇಳಿದ ಮಾತು ಕೇಳುವುದನ್ನು ಕಲಿಯಬೇಕಂತೆ.

ಇದು ಮಕ್ಕಳಿಗಿಂತ ನಮಗೆ ಕಷ್ಟದ ಸಿನಿಮಾ. ಮೇಷ್ಟ್ರಾಗಿ ಇದನ್ನು ಮೊದಲ ಸಲ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಸಾರ್, ಅದು..." ಎಂದು ಶುರು ಮಾಡಿದ ಎಷ್ಟು ಹುಡುಗರನ್ನು "ಕೂತ್ಕೊ" ಎಂದು ಅರ್ಧದಲ್ಲೇ ಕೂರಿಸಿದ್ದೆನೋ. ಬೇರೆ ಸಿನಿಮಾಗಳಲ್ಲಿ ನಾವು ಮಗುವಿನ ಪಕ್ಕ ನಿಂತು ಕಣ್ಣೀರು ಹಾಕುತ್ತೇವೆ. ಇಲ್ಲಿ ಮಗುವಿಗೆ ಅಡ್ಡ ನಿಂತವರು ನಾವೇ. ನಿಮ್ಮ ಮಗಳಿಗೆ ಇನ್ನೊಂದೆರಡು ವರ್ಷ ಕಳೆಯಲಿ, ಆಮೇಲೆ ತೋರಿಸಿ. ನೀವು, ನಿಮ್ಮ ಯಜಮಾನರು ಈಗಲೇ ನೋಡಿ. ಕೊನೆಯಲ್ಲಿ ಆ ನೋಟ್‌ಬುಕ್ಕಿನ ಹಾಳೆಗಳ ನಡುವೆ ಏನಿರುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ.

ಈಗ ನಿಮ್ಮ ಅತ್ತೆಯವರ ಮಾತು. ಅವರು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ, ಅರ್ಧ ಒಪ್ಪುತ್ತೇನೆ. ಮಕ್ಕಳು ಕನವರಿಸುವುದು ಹೆದರಿಕೆಯಿಂದ. ದುಃಖದಿಂದ ಕನವರಿಸುವುದು ಕಡಿಮೆ. ಹೆದರಿಕೆ ಮಗುವನ್ನು ಒಂಟಿ ಮಾಡುತ್ತದೆ. ದುಃಖ ಬಂದರೆ ಮಗು ಬಂದು ನಮ್ಮ ತೊಡೆಯ ಮೇಲೆ ಕೂರುತ್ತದೆ. ಎರಡನ್ನೂ ಬೇರೆ ಮಾಡಿ ನೋಡಿ. ರಾತ್ರಿ ಊಟವಾದ ಮೇಲೆ ತೋರಿಸಬೇಡಿ, ಮಧ್ಯಾಹ್ನ ತೋರಿಸಿ. ಮುಗಿದ ಮೇಲೆ ಮಾತಾಡಲು, ಓಡಾಡಲು ಹಗಲು ಉಳಿದಿರಲಿ. ಆದರೆ ಬೇಜಾರೇ ಇಲ್ಲದ ಸಿನಿಮಾ ಮಾತ್ರ ತೋರಿಸುತ್ತೇನೆ ಎಂದರೆ, ಮನೆಯಲ್ಲಿ ಒಂದು ಸಾವೋ ಕಾಯಿಲೆಯೋ ಬಂದ ದಿನ ಅದನ್ನು ಹೇಳಿಕೊಳ್ಳಲು ಮಗುವಿಗೆ ಮಾತೇ ಇರುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಜಪಾನಿನ ಹಯಾವೊ ಮಿಯಾಜಾಕಿ ಅವರ 'ಮೈ ನೈಬರ್ ಟೊಟೊರೊ', 1988ರದು. ನಿಮ್ಮ ಇಬ್ಬರು ಮಕ್ಕಳಿಗೂ ಈಗಲೇ ಹೊಂದುತ್ತದೆ. ಅಪ್ಪ ಮತ್ತು ಇಬ್ಬರು ಹೆಣ್ಣುಮಕ್ಕಳು ಹಳ್ಳಿಯ ಹಳೇ ಮನೆಗೆ ಬರುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಹಿತ್ತಲಿನಾಚೆ ದೊಡ್ಡ ಮರ, ಅದರ ಬುಡದಲ್ಲಿ ಮಕ್ಕಳಿಗೆ ಮಾತ್ರ ಕಾಣುವ ದೊಡ್ಡ ಹೊಟ್ಟೆಯ ಒಂದು ಜೀವ. ನಮ್ಮ ಚೌಡಿ ಬನ, ಭೂತದ ಮರಗಳ ನಡುವೆ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರದ ಮುಂದೆ ನಿಂತು ಅಪ್ಪ ಮಕ್ಕಳು ಬಗ್ಗಿ ನಮಸ್ಕರಿಸುವುದನ್ನು ನೋಡಿ ನಿಮ್ಮ ಅತ್ತೆಯವರಿಗೇ ಮೊದಲು ಹಿಡಿಸುತ್ತದೆ.

ಅದರಲ್ಲೊಂದು ಬಸ್ ಸ್ಟಾಪಿನ ದೃಶ್ಯವಿದೆ. ಕತ್ತಲಾಗಿದೆ, ಮಳೆ ಸುರಿಯುತ್ತಿದೆ. ಅಪ್ಪನಿಗೆ ಕೊಡಲು ಕೊಡೆ ಹಿಡಿದುಕೊಂಡು ಅಕ್ಕ ತಂಗಿ ನಿಂತಿದ್ದಾರೆ. ಬಸ್ಸು ಬರುತ್ತದೆ, ಅಪ್ಪ ಇಳಿಯುವುದಿಲ್ಲ. ತಂಗಿಗೆ ತೂಕಡಿಕೆ, ಅಕ್ಕ ಅವಳನ್ನು ಬೆನ್ನ ಮೇಲೆ ಹಾಕಿಕೊಳ್ಳುತ್ತಾಳೆ. ಪಕ್ಕದಲ್ಲಿ ಟೊಟೊರೊ ಬಂದು ನಿಲ್ಲುತ್ತದೆ, ತಲೆಯ ಮೇಲೆ ಒಂದು ಎಲೆ. ಅಕ್ಕ ಅದಕ್ಕೆ ಅಪ್ಪನ ಕೊಡೆ ಕೊಡುತ್ತಾಳೆ. ಕೊಡೆಯ ಮೇಲೆ ಹನಿ ಬಿದ್ದ ಸದ್ದಿಗೆ ಅದು ಖುಷಿಯಾಗಿ ಕಣ್ಣರಳಿಸುತ್ತದೆ. ಆಗುಂಬೆಯ ಮಳೆಯಲ್ಲಿ ಕೊನೇ ಬಸ್ಸಿಗೆ ಕಾದವರಿಗೆ ಆ ಸದ್ದು ಗೊತ್ತು. ಮಕ್ಕಳು ಇಲ್ಲಿ ನಗುತ್ತಾರೆ. ನೀವು ಅಕ್ಕನ ಮುಖವನ್ನೇ ನೋಡುತ್ತಿರಿ. ಹತ್ತು ಹನ್ನೊಂದರ ಹುಡುಗಿ ಅಡುಗೆ ಮಾಡುತ್ತಾಳೆ, ಡಬ್ಬಿ ಕಟ್ಟುತ್ತಾಳೆ, ತಂಗಿಯನ್ನು ಸಂಭಾಳಿಸುತ್ತಾಳೆ, ಎಲ್ಲೂ ಅಳುವುದಿಲ್ಲ. ಅಮ್ಮ ಈ ಸಲ ಮನೆಗೆ ಬರುವುದಿಲ್ಲ ಎಂದು ಸುದ್ದಿ ಬಂದ ದಿನ ಪಕ್ಕದ ಮನೆ ಅಜ್ಜಿಯ ಮುಂದೆ ಗೋಳೋ ಎಂದು ಅಳುತ್ತಾಳೆ. ಮಿಯಾಜಾಕಿ ಚಿಕ್ಕವರಿದ್ದಾಗ ಅವರ ತಾಯಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಆ ಮನೆಯ ಭಯವನ್ನು ಅವರು ಬಲ್ಲರು.

ಇಲ್ಲೊಂದು ಎಚ್ಚರಿಕೆಯ ಮಾತು. ಟೊಟೊರೊ ಬಿಡುಗಡೆಯಾದದ್ದು ಅದೇ ಗಿಬ್ಲಿ ಸ್ಟುಡಿಯೋದ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಜೊತೆಗೆ, ಒಂದೇ ಟಿಕೆಟ್ಟಿಗೆ ಎರಡೂ. ಇಸಾವೊ ತಕಾಹಾತ ನಿರ್ದೇಶಿಸಿದ ಆ ಎರಡನೆಯದು ಯುದ್ಧದ ಬಾಂಬಿಗೆ ತಾಯಿಯನ್ನು ಕಳೆದುಕೊಂಡ ಅಣ್ಣ ತಂಗಿಯ ಕತೆ, ಹಸಿವಿನಲ್ಲಿ ಮುಗಿಯುತ್ತದೆ. ಬಹಳ ದೊಡ್ಡ ಸಿನಿಮಾ. ಆದರೆ ಕಾರ್ಟೂನ್ ಎಂದುಕೊಂಡು, ಅದೇ ಸ್ಟುಡಿಯೋದ್ದು ಎಂದುಕೊಂಡು ಐದು ವರ್ಷದವನ ಮುಂದೆ ಹಾಕಿಬಿಡಬೇಡಿ.

ಹಾಗೆಯೇ, ಮಗು ಇರುವ ಸಿನಿಮಾವೆಲ್ಲ ಮಗುವಿಗಲ್ಲ. ನಿಮ್ಮ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ನಾಣಿ ಎಂಬ ವೇದಪಾಠದ ಹುಡುಗನ ಕಣ್ಣಿನಿಂದಲೇ ಕಾಣುತ್ತದೆ. ಯಮುನಕ್ಕನಿಗೆ ಏನಾಗುತ್ತಿದೆ ಎಂದು ಅವನಿಗೆ ಪೂರ್ತಿ ತಿಳಿಯದಿರುವುದೇ ಅದರ ಶಕ್ತಿ. ಹದಿನೈದು ದಾಟಿದ ಮೇಲೆ ಇರಲಿ. 1955ರ 'ಪಥೇರ್ ಪಾಂಚಾಲಿ' ಹತ್ತು ಹನ್ನೊಂದಕ್ಕೆ ಸಾಕು. ನಾನು ಸಿನಿಮಾ ನೋಡಲು ಕಲಿತದ್ದೇ ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣನವರೂ ನೀನಾಸಮ್‌ನವರೂ ಜಗತ್ತಿನ ದೊಡ್ಡ ಸಿನಿಮಾಗಳನ್ನು ಹಳ್ಳಿಯವರ ಮುಂದೆ ತಂದಿಟ್ಟ ಊರು ಅದು. ಸತ್ಯಜಿತ್ ರಾಯ್ ಅವರ ಆ ಸಿನಿಮಾದಲ್ಲಿ, ಅಕ್ಕ ದುರ್ಗಾ ಕದ್ದಿಲ್ಲ ಎಂದು ಸಾಧಿಸಿದ್ದ ಸರ ಅವಳು ಸತ್ತ ಮೇಲೆ ತಮ್ಮ ಅಪುವಿನ ಕೈಗೆ ಸಿಗುತ್ತದೆ. ಅವನು ಓಡಿಹೋಗಿ ಕೆರೆಗೆ ಎಸೆಯುತ್ತಾನೆ. ಪಾಚಿ ಒಂದು ಗಳಿಗೆ ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಅಕ್ಕನ ಮಾನವನ್ನು ಆ ಪುಟ್ಟ ಹುಡುಗ ಕಾಪಾಡಿದ್ದನ್ನು ಕಂಡವರು ಕೆರೆ ಮತ್ತು ನಾವು ಮಾತ್ರ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕಿರಿಯವನಿಗೆ 'ದಿ ರೆಡ್ ಬಲೂನ್' (1956), ಮೂವತ್ತನಾಲ್ಕು ನಿಮಿಷ, ಮಾತು ಬಲು ಕಡಿಮೆ. ಇಬ್ಬರಿಗೂ ಚಾಪ್ಲಿನ್ನರ 'ದಿ ಕಿಡ್' (1921). ಹುಡುಗನನ್ನು ಲಾರಿಯಲ್ಲಿ ಹಾಕಿಕೊಂಡು ಹೋಗುವಾಗ ಚಾಪ್ಲಿನ್ ಮಾಡು ಹತ್ತಿ ಓಡುವುದನ್ನು ನೋಡುವಾಗ, ಅದಕ್ಕೆ ಎರಡು ವರ್ಷ ಮುಂಚೆ ಅವರ ಮೊದಲ ಕೂಸು ಹುಟ್ಟಿ ಮೂರೇ ದಿನಕ್ಕೆ ತೀರಿಕೊಂಡಿತ್ತು ಎಂಬುದು ನಿಮಗೆ ತಿಳಿದಿರಲಿ, ಮಕ್ಕಳ ಹತ್ತಿರ ಹೇಳುವುದು ಬೇಡ. ಕನ್ನಡದಲ್ಲಿ ಅಭಯ ಸಿಂಹ ಅವರ 'ಗುಬ್ಬಚ್ಚಿಗಳು', ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು', ಎರಡಕ್ಕೂ ಶ್ರೇಷ್ಠ ಮಕ್ಕಳ ಚಿತ್ರ ರಾಷ್ಟ್ರಪ್ರಶಸ್ತಿ ಬಂದಿದೆ. ತಮಿಳಿನ 'ಕಾಕ ಮುಟ್ಟೈ' ಪಿಜ್ಜಾ ತಿನ್ನುವ ಆಸೆಯ ಇಬ್ಬರು ಅಣ್ಣತಮ್ಮಂದಿರದು, ಮಗಳಿಗೆ ಹತ್ತಾದ ಮೇಲೆ. ಆಗುಂಬೆಯಲ್ಲಿ ಶಂಕರ್ ನಾಗ್ ತೆಗೆದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಸ್ವಾಮಿಯ ಕತೆಗಳನ್ನು ನೀವು ಈಗಾಗಲೇ ತೋರಿಸಿರುತ್ತೀರಿ ಎಂದುಕೊಂಡಿದ್ದೇನೆ. ಮಕ್ಕಳ ಬಾಯಲ್ಲಿ ದೊಡ್ಡವರ ಡೈಲಾಗು ಹಾಕಿ ಚಪ್ಪಾಳೆ ಗಿಟ್ಟಿಸುವ, ಕೊನೆಗೆ ವೇದಿಕೆ ಹತ್ತಿಸಿ ಉಪದೇಶ ಕೊಡಿಸುವ ಸಿನಿಮಾಗಳನ್ನು ನಾನು ತೋರಿಸುವುದಿಲ್ಲ. ಅವು ಮಕ್ಕಳನ್ನು ನಂಬಿ ಮಾಡಿದವಲ್ಲ.

ಭಾಷೆ ಬಾರದ ಸಿನಿಮಾ ಹೇಗೆ ತೋರಿಸಲಿ ಎಂದು ನೀವು ಕೇಳಬಹುದು. ಅಡಿಯಲ್ಲಿ ಬರುವ ಇಂಗ್ಲಿಷ್ ಅಕ್ಷರ ಮಕ್ಕಳಿಗೆ ಓದಲಾಗದು. ಆಗ ನೀವೇ ಅರ್ಥಧಾರಿ. ಪಕ್ಕದಲ್ಲಿ ಕೂತು ಮೆಲುದನಿಯಲ್ಲಿ ನಿಮ್ಮ ಮನೆಯ ಕನ್ನಡದಲ್ಲಿ ಮಾತು ಹೇಳುತ್ತ ಹೋಗಿ. ಎಲ್ಲವನ್ನೂ ಹೇಳಬೇಕಾಗಿಲ್ಲ, ಮೂರರಲ್ಲಿ ಒಂದು ಸಾಕು, ಮುಖ ನೋಡಿ ಮಕ್ಕಳು ಉಳಿದದ್ದನ್ನು ತಿಳಿದುಕೊಳ್ಳುತ್ತವೆ. ಹೇಳುವುದು ಮಾತನ್ನು ಮಾತ್ರ. "ನೋಡು, ಅವನು ಎಷ್ಟು ಒಳ್ಳೆಯವನು" ಎಂಬ ಟಿಪ್ಪಣಿ ಬೇಡ. "ಇದರಿಂದ ಏನು ಕಲಿತೆ?" ಎಂದು ಆಮೇಲೆ ಕೇಳಲೂ ಬೇಡಿ, ಅದು ಪರೀಕ್ಷೆಯಾಗುತ್ತದೆ. ಮೂರು ದಿನ ಬಿಟ್ಟು ದೋಸೆ ತಿನ್ನುವಾಗಲೋ ತಲೆ ಬಾಚಿಸಿಕೊಳ್ಳುವಾಗಲೋ ಮಗುವೇ ಕೇಳುತ್ತದೆ. ಆಗ ಬಾಚಣಿಗೆ ಕೆಳಗಿಟ್ಟು ಉತ್ತರ ಕೊಡಿ. ನಡುವೆ ಕರೆಂಟ್ ಹೋದರೂ ಬೇಸರ ಬೇಡ. ಮುಂದೇನಾಗಬಹುದು ಎಂದು ಕತ್ತಲೆಯಲ್ಲಿ ಮಕ್ಕಳು ಹೇಳುವ ಕತೆ ಸಿನಿಮಾದಷ್ಟೇ ಚೆನ್ನಾಗಿರುತ್ತದೆ.

ಮುಂದಿನ ಮಳೆ ರಜೆಗೆ 'ಚಿಲ್ಡ್ರನ್ ಆಫ್ ಹೆವನ್' ಹಾಕಿ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಅತ್ತೆಯವರನ್ನೂ ಕರೆದು ಕೂರಿಸಿಕೊಳ್ಳಿ, ಹಪ್ಪಳ ಕರಿದಿಟ್ಟುಕೊಳ್ಳಿ. ಶುರುವಿನಲ್ಲೇ ಒಂದು ಚಿಕ್ಕ ದೃಶ್ಯ ಬರುತ್ತದೆ, ಮಕ್ಕಳು ಅದನ್ನು ಗಮನಿಸುವುದೇ ಇಲ್ಲ. ಅಪ್ಪ ಮಸೀದಿಯವರು ಒಪ್ಪಿಸಿದ ಸಕ್ಕರೆಯ ದೊಡ್ಡ ಗಟ್ಟಿಗಳನ್ನು ಒಡೆದು ಚೂರು ಮಾಡುತ್ತಿರುತ್ತಾನೆ. ಮುಂದೆ ಸಕ್ಕರೆಯ ರಾಶಿ. ಮಗಳು ಚಹಾ ತಂದಿಡುತ್ತಾಳೆ. ಚಹಾಕ್ಕೆ ಸಕ್ಕರೆ ಬೇಕು ಎನ್ನುತ್ತಾನೆ. ಇಷ್ಟೊಂದು ಇದೆಯಲ್ಲ ಎಂದು ಮಗಳು ಕೇಳಿದರೆ, ಅದು ಮಸೀದಿಯದು, ನಮ್ಮದಲ್ಲ ಎನ್ನುತ್ತಾನೆ. ದೇವಸ್ಥಾನದ ಅಕ್ಕಿಯನ್ನು ಮನೆಯಲ್ಲಿ ತಂದಿಟ್ಟುಕೊಂಡು, ತಮ್ಮ ಡಬ್ಬಿ ಬರಿದಾದ ದಿನವೂ ಅದರಲ್ಲಿ ಒಂದು ಹಿಡಿ ಮುಟ್ಟದ ಹಿರಿಯರನ್ನು ಅತ್ತೆಯವರು ಕಂಡಿರುತ್ತಾರೆ. ಆ ದೃಶ್ಯ ಬಂದಾಗ ನೀವು ಟಿವಿ ನೋಡಬೇಡಿ, ಅತ್ತೆಯವರ ಮುಖ ನೋಡಿ.